ಓಣಿಗೆ ನಾನು ಕಲಿಸಿದ ‘ಗೊತ್ತಿಲ್ರಿ’

ಆ ಪೊಲೀಸ್ ಕಾನ್‌ಸ್ಟೇಬಲ್ ನಮ್ಮ ಓಣಿಯ ತುದಿಯ ಚಹಾದಂಗಡಿಗೆ ಬರಲು ಶುರು ಮಾಡಿದ ಮೇಲೆ ನನಗೆ ಅಲ್ಲಿಯ ಚಹಾ ರುಚಿಸುವುದು ನಿಂತಿತು. ಬನಹಟ್ಟಿಯಲ್ಲಿ ಚಹಾದಂಗಡಿಗಳಿಗೆ ಬರವಿಲ್ಲ. ಅವನ್ನೆಲ್ಲ ಬಿಟ್ಟು, ಪವರ್‌ಲೂಮುಗಳ ಸಪ್ಪಳದಲ್ಲಿ ಪಕ್ಕದವರ ಮಾತೂ ಕೇಳದ ನಮ್ಮ ಓಣಿಗೇ ಬಂದು, ಅದರಲ್ಲೂ ನನ್ನ ತಮ್ಮನ ಗಾಡಿ ನಿಲ್ಲುವ ಜಾಗ ಚೆನ್ನಾಗಿ ಕಾಣುವ ಬೆಂಚನ್ನೇ ಹುಡುಕಿ ಕೂತು, ಅರ್ಧ ಕಪ್ಪು ಚಹಾವನ್ನು ಅರ್ಧ ತಾಸು ಕುಡಿಯುವ ಮನುಷ್ಯನ ಮೇಲೆ ಅನುಮಾನ ಬರದಿದ್ದರೆ ಇನ್ನಾರ ಮೇಲೆ ಬರಬೇಕು? ಮೂರನೆಯ ದಿನ ಅವನು ಎದ್ದು ಹೋಗುವಾಗ ಗಾಡಿಯ ನಂಬರ್ ಪ್ಲೇಟಿನ ಫೋಟೊ ತೆಗೆದುಕೊಂಡ. ನಾನು ಕಿಟಕಿಯ ಹಿಂದೆ ನಿಂತು ನೋಡಿದೆ.

ಕಿಟಕಿಯ ಹಿಂದೆ ನಿಲ್ಲುವುದು ನನಗೆ ಹೊಸದಲ್ಲ. ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಹೊಟ್ಟೆನೋವು ಎಂದು ಅಳುವ ಮಗುವಿನ ಹೊಟ್ಟೆಯಲ್ಲಿ ನೋವಿದೆಯೋ, ಲೆಕ್ಕದ ಪಾಠವಿದೆಯೋ ಮುಖ ನೋಡಿಯೇ ಹೇಳಬಲ್ಲೆ. ಹಾಗಾಗಿ ಯಾರ ಮಾತನ್ನೂ ಮೊದಲ ಸಲಕ್ಕೆ ನಂಬುವ ಅಭ್ಯಾಸ ನನಗಿಲ್ಲ. ‘ತಾನು ಕಳ್ಳ, ಪರರ ನಂಬ’ ಎಂದು ನನ್ನ ಗಂಡ ಚಾಷ್ಟಿ ಮಾಡುತ್ತಾನೆ. ಮಾಡಲಿ. ಆದರೆ ಈ ನನ್ನ ಅನುಮಾನವೇ ನನ್ನ ತಮ್ಮನಿಗೆ ಕೂಡಿಬಂದಿದ್ದ ಮದುವೆಯನ್ನು ಮುರಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಯವರೆಗೆ ಬಚ್ಚಿಟ್ಟು ನಾನು ಒಳ್ಳೆಯವಳಂತೆ ಕಾಣುವುದು ಸರಿಯಲ್ಲ.

ತಮ್ಮನಿಗೆ ಮೂವತ್ತೊಂದು. ಅವ್ವ ತೀರಿಕೊಂಡಾಗ ಅವನು ಮೂರನೆಯ ಇಯತ್ತೆಯಲ್ಲಿದ್ದ, ಅಪ್ಪನೂ ಬಹಳ ದಿನ ಉಳಿಯಲಿಲ್ಲ. ಸೋದರಮಾವನ ಮಗನನ್ನೇ ಮದುವೆಯಾದದ್ದರಿಂದ ನಾನು ಓಣಿ ಬಿಟ್ಟು ಹೋಗಲಿಲ್ಲ. ತವರುಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವನ ತಲೆಗೆ ಎಣ್ಣೆ ಹಚ್ಚಿದವಳು, ಶಾಲೆಗೆ ಎಳೆದುಕೊಂಡು ಹೋದವಳು, ಸುಳ್ಳು ಹೇಳಿದಾಗ ಬಾಸುಂಡೆ ಬರುವಂತೆ ಹೊಡೆದವಳು ಎಲ್ಲ ನಾನೇ. ನಮ್ಮ ಅಜ್ಜ ಬೀರಪ್ಪ ದೇವರ ಗುಡಿಯಲ್ಲಿ ಡೊಳ್ಳು ಬಾರಿಸುತ್ತಿದ್ದ. ಅವನ ಡೊಳ್ಳಿನ ಸಪ್ಪಳ ರಬಕವಿಗೆ ಕೇಳುತ್ತಿತ್ತು ಎಂದು ಹಳಬರು ಈಗಲೂ ಹೇಳುತ್ತಾರೆ. ಮೊಮ್ಮಗ ಹಳೆಯ ಸರಕು ಗಾಡಿಯೊಂದನ್ನು ಕೊಂಡು, ಅದರ ತುಂಬ ಮನುಷ್ಯನೆತ್ತರದ ಬೇಸ್ ಬಾಕ್ಸುಗಳನ್ನು ಕೂರಿಸಿ, ಜನರೇಟರ್ ಕಟ್ಟಿ, ಡಿಜೆ ಮಾಡಿಕೊಂಡ. ನಾನು ಬೈದಾಗ ಅವನು ಹೇಳಿದ್ದು ಇಷ್ಟೇ: “ಅಜ್ಜ ಬಾರಿಸಿದ್ರ ದೇವರ ಸೇವಾ, ನಾ ಹಚ್ಚಿದ್ರ ಹುಚ್ಚು, ಹೌದಿಲ್ಲೋ ಅಕ್ಕಾ?”

ಮದುವೆ, ಮೆರವಣಿಗೆಗಳಿಗೆ ಹೋಗುವುದು ಒಂದು ಬಗೆ. ಅದಕ್ಕೆ ಠಾಣೆಯಿಂದ ಪರವಾನಗಿ ತರುತ್ತಿದ್ದರು. ಆದರೆ ನಮ್ಮ ಕಡೆ ಇನ್ನೊಂದು ಶುರುವಾಗಿತ್ತು. ಕಬ್ಬಿನ ಕುಳೆ ತೆಗೆದು ಖಾಲಿ ಬಿಟ್ಟ ಯಾವುದಾದರೂ ಹೊಲದಲ್ಲಿ, ರವಿವಾರ ಮಧ್ಯಾಹ್ನ, ಎರಡು ಊರಿನ ಡಿಜೆ ಗಾಡಿಗಳು ಎದುರುಬದುರು ನಿಲ್ಲುವುದು. ಒಬ್ಬರು ಹಾಡು ಹಚ್ಚಿದರೆ ಇನ್ನೊಬ್ಬರು ಅದನ್ನು ಮುಳುಗಿಸುವಂಥದ್ದನ್ನು ಹಚ್ಚುವುದು. ನಡುವೆ ನೂರಾರು ಹುಡುಗರು ಕುಣಿಯುವುದು. ಅಜ್ಜನ ಕಾಲದಲ್ಲಿ ಎರಡು ಡೊಳ್ಳಿನ ಮೇಳಗಳು ಒಂದಕ್ಕೊಂದು ಸವಾಲು ಹಾಕಿ ಹಾಡುತ್ತಿದ್ದವಲ್ಲ, ಅದರ ಜಿದ್ದೇ ಇದು. ಯಾವ ಹೊಲ ಎಂಬುದು ಒಂದು ತಾಸು ಮೊದಲಷ್ಟೇ ಫೋನಿಗೆ ಬರುತ್ತಿತ್ತು. ಪರವಾನಗಿಯ ಮಾತೇ ಇಲ್ಲ, ಕೇಳಿದರೂ ಯಾರೂ ಕೊಡುತ್ತಿರಲಿಲ್ಲ.

ಒಮ್ಮೆ ತಮ್ಮನ ಕಾಟ ತಾಳಲಾರದೆ ನೋಡಲು ಹೋದೆ. ಜಮಖಂಡಿ ರಸ್ತೆಯಿಂದ ಒಳಗೆ, ಬದುವಿನ ಮೇಲೆ ಬೇವಿನ ಗಿಡದ ನೆರಳಲ್ಲಿ ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತೆ, ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಗುರುತು ಹಿಡಿದಾರೆಂಬ ಭಯಕ್ಕೆ. ಬೇಸ್ ಶುರುವಾದಾಗ ಅದು ಕಿವಿಗೆ ಬರಲಿಲ್ಲ, ನೇರವಾಗಿ ಎದೆಗೂಡಿಗೆ ಬಂತು. ಕಾಲ ಕೆಳಗಿನ ಮಣ್ಣಿನ ಹೆಂಟೆ ನಡುಗಿತು. ಮಿರ್ಚಿ ಭಜಿ ಮಾರುವವರು, ಕಬ್ಬಿನ ಹಾಲಿನ ಗಾಡಿಯವರು ಎಲ್ಲರೂ ಬಂದಿದ್ದರು. ಕುಡಿದವರು ಒಬ್ಬರೂ ಇರಲಿಲ್ಲ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಗಾಡಿಯ ಮೇಲೆ ನಿಂತು ಮಿಕ್ಸರಿನ ಗುಂಡಿಗಳನ್ನು ತಿರುಗಿಸುತ್ತಿದ್ದ ನನ್ನ ತಮ್ಮನ ಮುಖದಲ್ಲಿ ಇದ್ದ ನಿಗಾವನ್ನು ನಾನು ಅವನು ಪುಸ್ತಕ ಹಿಡಿದಾಗ ಒಮ್ಮೆಯೂ ಕಂಡವಳಲ್ಲ. ನನಗೆ ಹೆಮ್ಮೆಯೆನಿಸಿತು. ಅವನಿಗೆ ಹೇಳಲಿಲ್ಲ.

ಅಷ್ಟರಲ್ಲಿ ತಲೆಯ ಮೇಲೆ ಡ್ರೋನ್ ಬಂತು. ಮೊದಲು ಹುಡುಗರು ಯಾರೋ ರೀಲ್ಸ್ ಮಾಡುವವರೆಂದು ಅದಕ್ಕೆ ಕೈ ಬೀಸಿ ಕುಣಿದರು. ಆಮೇಲೆ ಯಾರೋ ‘ಪೊಲೀಸರದು’ ಎಂದ ಕೂಡಲೇ ಬೈಕುಗಳು ದಿಕ್ಕಾಪಾಲಾಗಿ ಓಡಿದವು. ಗಾಡಿಗಳು ಹೇಗೋ ಪಾರಾದವು. ಮರುದಿನ ಪೇಪರಿನಲ್ಲಿ ಅದನ್ನು ‘ರೇವ್ ಪಾರ್ಟಿ’ ಎಂದು ಬರೆದಿದ್ದರು. ಎದುರು ಮನೆಯ ಅಜ್ಜಿ ಪೇಪರ್ ಹಿಡಿದುಕೊಂಡು ಬಂದು, “ರೇವ್ ಪಾರ್ಟಿ ಅಂದ್ರ ಯಾವ ಪಕ್ಷರಿ ಟೀಚರ್, ಹೊಸಾದೇನು?” ಎಂದು ಕೇಳಿದಳು. ನಾನು ನಗಲಿಲ್ಲ. ಹೊಲದಲ್ಲಿ ನಿಂತಾಗ ನನ್ನ ಕಾಲಿನ ಹೆಬ್ಬೆರಳೂ ತಾಳ ಹಾಕಿತ್ತು, ಅದು ಡ್ರೋನಿಗೆ ಕಂಡಿರಬಹುದೇ ಎಂಬ ಚಿಂತೆಯಲ್ಲಿ ಇದ್ದೆ.

ಆ ಮೇಲೆ ಸುದ್ದಿಗಳಿಗೆ ಕೊನೆಯೇ ಇಲ್ಲ. ಹೊಸ ಕಾಯ್ದೆ ಬರುತ್ತದಂತೆ. ಪರವಾನಗಿ ಇಲ್ಲದೆ ಡಿಜೆ ಹಚ್ಚಿ ಜನ ಕೂಡಿಸಿದರೆ ಗಾಡಿ ಜಪ್ತಿಯಂತೆ. ಹೊಲ ಕೊಟ್ಟವನನ್ನೂ ಒಳಗೆ ಹಾಕುತ್ತಾರಂತೆ. ಕುಣಿದವನ ಮೇಲೂ ಕೇಸಂತೆ. ನಮ್ಮ ಸ್ಟಾಫ್‌ರೂಮಿನಲ್ಲಿ ಒಬ್ಬರು ಸರ್ ಇದ್ದಾರೆ, ಮುಧೋಳ ನಾಯಿ ಸಾಕಿದ್ದಾರೆ, ದಿನಾ ಅದರ ಗುಣಗಾನ. “ನಮ್ಮ ನಾಯಿ ಮೂಗಿನಿಂದ ಅಲ್ರಿ, ಕಣ್ಣಿಂದ ಬ್ಯಾಟಿ ಹಿಡೀತೈತಿ. ಈಗಿನ ಪೊಲೀಸರೂ ಹಂಗ ಆಗ್ಯಾರ” ಎಂದು ಅವರು ನನ್ನ ಮುಖ ನೋಡಿ ಹೇಳಿದರು. ಸಹಜವಾಗಿ ಹೇಳಿದರೋ, ಗೊತ್ತಿದ್ದು ಹೇಳಿದರೋ? ಅವತ್ತಿನಿಂದ ಅವರ ಮುಂದೆ ಫೋನಿನಲ್ಲಿ ಮಾತಾಡುವುದನ್ನೇ ಬಿಟ್ಟೆ.

ನಿಜ ಹೇಳಬೇಕೆಂದರೆ ನಾನು ಎಲ್ಲರನ್ನೂ ಅನುಮಾನಿಸಿದೆ. ಹೊಲದ ಸುದ್ದಿ ಠಾಣೆಗೆ ಮುಟ್ಟಿಸಿದವರು ಯಾರೋ ಒಳಗಿನವರೇ ಇರಬೇಕು. ಚಹಾದಂಗಡಿಯವನು ಕಾನ್‌ಸ್ಟೇಬಲ್ಲಿಗೆ ಬಿಸ್ಕಿಟು ಸುಮ್ಮನೆ ಕೊಡುತ್ತಾನೆಯೇ? ಎದುರು ಮನೆಯ ಅಜ್ಜಿ ದಿನವಿಡೀ ಕಟ್ಟೆಯ ಮೇಲೆ ಕೂತು ಯಾರು ಬಂದರು, ಯಾರು ಹೋದರು ಎಂದು ನೋಡುವುದು ಬರೀ ಹೊತ್ತು ಕಳೆಯಲಿಕ್ಕೆಯೇ? ಪಕ್ಕದ ಮಗ್ಗದ ಮಾಲೀಕರು ತಮ್ಮನ ಗಾಡಿಯಿಂದ ದಾರಿಗೆ ಅಡ್ಡಿಯಾಗುತ್ತದೆಂದು ಒಮ್ಮೆ ಗೊಣಗಿದ್ದರಲ್ಲ? ರಾಶಿ ಅನುಮಾನ ಇಟ್ಟುಕೊಂಡು ಕೂತರೆ ಆಗುವುದಿಲ್ಲವೆಂದು ಕೊನೆಗೆ ನಾನೇ ಒಂದು ಉಪಾಯ ಹೂಡಿದೆ. ಮನೆಮನೆಗೆ ಹೋಗಿ, ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದಂತೆ ಮಾಡಿಸಿದೆ.

“ಯಾರರ ಹೊಸಬರು ಬಂದು ನನ್ನ ತಮ್ಮನ ಬಗ್ಗೆ ಕೇಳಿದ್ರ ಏನಂತೀರಿ?”

“ಏನನ್ನೂಣ್ರಿ?”

“ನಮಗ ಗೊತ್ತಿಲ್ರಿ ಅನ್ರಿ. ಅಂಥವರು ಯಾರೂ ಇಲ್ಲಿ ಇಲ್ರಿ ಅನ್ರಿ. ಹೆಚ್ಚಿಗಿ ಒಂದ ಮಾತ ಬ್ಯಾಡ.”

ಮಗ್ಗದ ಮಾಲೀಕರು, “ಅದರಾಗ ಏನೈತ್ರಿ, ನಮ್ಮ ಹುಡುಗನ ಸಲುವಾಗಿ ಅಷ್ಟೂ ಮಾಡಲಿಲ್ಲಂದ್ರ ಹೆಂಗ?” ಎಂದರು. ಅಜ್ಜಿ ಎರಡು ಸಲ ಹೇಳಿ ತೋರಿಸಿದಳು. ಚಹಾದಂಗಡಿಯವನು ಕಾನ್‌ಸ್ಟೇಬಲ್ಲಿಗೆ ಬಿಸ್ಕಿಟು ಕೊಡುವುದು ಅವನ ಬಾಯಿ ಮುಚ್ಚಿಸಲಿಕ್ಕೆ ಎಂದು ನಕ್ಕ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಇಷ್ಟು ಚೆನ್ನಾಗಿ ಕಲಿತ ಕ್ಲಾಸು ನನಗೆ ಸಿಕ್ಕಿರಲಿಲ್ಲ.

ಇದೇ ಹೊತ್ತಿಗೆ ಲೋಕಾಪುರ ಕಡೆಯ ಸಂಬಂಧ ಬಂತು. ನಮ್ಮ ದೂರದ ಕಾಕಾ ಒಬ್ಬರು ನಡುವೆ ನಿಂತು ಮಾಡಿಸಿದ್ದು. ಅದಕ್ಕಿಂತ ಮುಂಚೆ ಬಂದವುಗಳನ್ನು ಎಣಿಸಿ ಹೇಳಿದರೆ ನನಗೇ ಅವಮಾನ. ಡಿಜೆ ಹುಡುಗ ಎಂದರೆ ಸಾಕು, ಹೆಣ್ಣಿನವರು ಚಹಾ ಸಹ ಮುಟ್ಟದೆ ಎದ್ದು ಹೋಗುತ್ತಿದ್ದರು. ಈ ಹುಡುಗಿ ಬೇರೆ. ಲೋಕಾಪುರದ ಕೂಡುರಸ್ತೆಯ ಬದಿಗೇ ಅವರ ಮನೆ. ನಾವು ನೋಡಲು ಹೋದಾಗ ನಾನು, ಟೀಚರಮ್ಮನ ದನಿಯಲ್ಲೇ, ನಮ್ಮ ಹುಡುಗನ ಉದ್ಯೋಗದಲ್ಲಿ ಸಪ್ಪಳ ಬಹಳ ಎಂದು ಎಚ್ಚರಿಸಿದೆ. ಅವಳು ತಲೆ ಎತ್ತಿ, “ನಮ್ಮ ಮನಿ ಮುಂದ ಹಗಲೂ ರಾತ್ರಿ ಕಬ್ಬಿನ ಲಾರಿ ತಿರಗತಾವ್ರಿ ಅಕ್ಕಾರ. ಸಪ್ಪಳ ನಿಂತ್ರ ನನಗ ನಿದ್ದಿ ಬರಾಂಗಿಲ್ಲ” ಎಂದಳು. ನನ್ನ ತಮ್ಮ ಅವಳನ್ನು ನೋಡಿದ ರೀತಿಗೆ ನಾನು ಬೇರೆ ಕಡೆ ಮುಖ ತಿರುಗಿಸಿದೆ. ಹೊರಡುವಾಗ ಅವಳು ನಮ್ಮೆಲ್ಲರನ್ನು ನಿಲ್ಲಿಸಿ ಫೋಟೊ ತೆಗೆದುಕೊಂಡಳು.

ಆ ಮೇಲೆ ಅವನು ಫೋನು ಹಿಡಿದುಕೊಂಡು ಮಾಳಿಗೆ ಹತ್ತುವುದು ಹೆಚ್ಚಾಯಿತು. ಅಜ್ಜನ ಕಾಲದ ಡೊಳ್ಳಿನ ಪೆಟ್ಟುಗಳನ್ನು ಒಬ್ಬ ಮುದುಕನಿಂದ ಬಾರಿಸಿ, ರೆಕಾರ್ಡ್ ಮಾಡಿ, ಅವಳಿಗೆ ಕಳಿಸುತ್ತಿದ್ದ. ಊಟಕ್ಕೆ ಕೂತಾಗ ಒಬ್ಬನೇ ನಗುತ್ತಿದ್ದ. ಮೂವತ್ತೊಂದು ವರ್ಷದ ಗಂಡಸು ರೊಟ್ಟಿ ಮುರಿಯುತ್ತ ನಗುವುದನ್ನು ನೋಡಿ ನನ್ನ ಗಂಡ, “ಇವಂದ ಬೇಸ್ ಹೆಚ್ಚಾಗೈತಿ, ಸ್ವಲ್ಪ ಕಡಿಮಿ ಮಾಡಬೇಕು” ಎಂದ. ಅವ್ವ ಹೋದ ಮೇಲೆ ಆ ಮನೆಯಲ್ಲಿ ಮತ್ತೊಂದು ಹೆಣ್ಣುದನಿ ಕೇಳುತ್ತದೆ ಎಂದುಕೊಂಡು ನಾನು ಅವನ ಅಡುಗೆಮನೆಗೆ ಸುಣ್ಣ ಹೊಡೆಸಿದೆ.

ಎರಡೂ ಕಡೆ ಒಪ್ಪಿಗೆಯಾದ ಮೇಲೆ ಉಳಿದದ್ದು ವಿಚಾರಣೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಹೆಣ್ಣಿನ ಕಡೆಯವರು ಯಾರಾದರೊಬ್ಬರು, ತಾವು ಯಾರೆಂದು ಹೇಳದೆ, ಗಂಡಿನ ಓಣಿಗೆ ಬಂದು ನಾಲ್ಕು ಮನೆ, ಎರಡು ಅಂಗಡಿ ಕೇಳುತ್ತಾರೆ. ಹುಡುಗ ಹೇಗೆ, ಚಟ ಏನಾದರೂ ಉಂಟೆ, ಮನೆಯವರು ಹೇಗೆ ಎಂದು. ಸ್ವತಃ ನಾನೇ ನನ್ನ ಚಿಕ್ಕಮ್ಮನ ಮಗಳ ಸಲುವಾಗಿ ಬೀಳಗಿಗೆ ಹೋಗಿದ್ದೆ, ಎಮ್ಮೆ ಕೊಳ್ಳುವವಳ ವೇಷದಲ್ಲಿ. ಎಮ್ಮೆಯ ಬಾಲ ಹಿಡಿದು ನೋಡುತ್ತ ಹುಡುಗನ ಕುಲಗೋತ್ರವೆಲ್ಲ ತೆಗೆದುಕೊಂಡು ಬಂದೆ. ಕೊನೆಗೆ ಎಮ್ಮೆ ಯಾಕೆ ಬೇಡ ಎಂಬುದಕ್ಕೆ ಕಾರಣ ಹೇಳುವುದೇ ಕಷ್ಟವಾಗಿತ್ತು. ಇಷ್ಟೆಲ್ಲ ಗೊತ್ತಿದ್ದ ನನಗೆ, ಓಣಿಗೆ ನಾನೇ ಬೀಗ ಹಾಕಿಟ್ಟಿದ್ದೇನೆ ಎಂಬುದು ಹೊಳೆಯಲಿಲ್ಲ. ಪೊಲೀಸರ ಭಯ ತಲೆಯ ಒಂದು ಕೋಣೆಯಲ್ಲಿತ್ತು, ಮದುವೆಯ ಸಂಭ್ರಮ ಇನ್ನೊಂದರಲ್ಲಿ. ನಡುವಿನ ಬಾಗಿಲನ್ನು ನಾನು ತೆರೆದೇ ಇರಲಿಲ್ಲ.

ಅವತ್ತು ಶನಿವಾರ, ಬೆಳಗಿನ ಶಾಲೆ. ಹನ್ನೊಂದೂವರೆಗೆ ಮನೆಗೆ ಬಂದೆ. ತಮ್ಮನು ಗಾಡಿ ಸಮೇತ ಆಂಪ್ಲಿಫೈಯರ್ ರಿಪೇರಿಗೆಂದು ಜಮಖಂಡಿಗೆ ಹೋಗಿದ್ದ. ಚಪ್ಪಲಿ ಬಿಡುವಾಗ ನೋಡಿದೆ, ಚಹಾದಂಗಡಿಯಲ್ಲಿ ಒಬ್ಬ ಹೊಸ ಮನುಷ್ಯ. ಐವತ್ತರ ಆಸುಪಾಸು. ಮೇಲೆ ಗೆರೆಗೆರೆಯ ಸಾದಾ ಶರ್ಟು, ಕೆಳಗೆ ಖಾಕಿ ಪ್ಯಾಂಟು, ಕಾಲಲ್ಲಿ ಕರಿ ಬೂಟು. ಜೇಬಿನಲ್ಲಿ ಪೆನ್ನು, ಸಣ್ಣ ಡೈರಿ. ನನಗೆ ಇನ್ನೇನು ಬೇಕು? ಶರ್ಟು ಬದಲಿಸಿದವನು ಪ್ಯಾಂಟು ಬದಲಿಸಲು ಮರೆತಿದ್ದಾನೆ ಎಂದು ಮನಸ್ಸಿನಲ್ಲೇ ನಕ್ಕೆ. ಕಳ್ಳನ ಹೆಂಡತಿಯಂತೆ ಕಿಟಕಿಯ ಹಿಂದೆ ನಿಂತೆ.

ಚಹಾದಂಗಡಿಯವನು ತಲೆ ಅಲ್ಲಾಡಿಸುವುದು ಕಂಡಿತು. ಆ ಮನುಷ್ಯ ಎದ್ದು ಮಗ್ಗದ ಬಾಗಿಲಿಗೆ ಹೋದ. ಸಪ್ಪಳದಲ್ಲಿ ಮಾತು ಕೇಳಲಿಲ್ಲ, ಆದರೆ ಮಾಲೀಕರು ಹೊರಗೆ ಬಂದು ಎರಡೂ ಕೈ ಆಡಿಸಿ ಇಲ್ಲವೆಂದದ್ದು ಕಂಡಿತು. ಆಮೇಲೆ ಅವನು ಅಜ್ಜಿಯ ಕಟ್ಟೆಗೆ ಬಂದ. ಅಜ್ಜಿ ಕಿವಿಗೆ ಕೈ ಹಚ್ಚಿ, “ನನಗ ಕಿವಿ ಕೇಳೂದಿಲ್ಲಪ್ಪಾ” ಎಂದು ನನ್ನ ಕಿಟಕಿಗೂ ಕೇಳುವಂತೆ ಕೂಗಿದಳು. ಕಂಪೌಂಡಿನ ಆಚೆ ಹಲ್ಲಿ ಬಿದ್ದರೆ ಕೇಳುವ ಅಜ್ಜಿ! ಅವನು ದನಿ ಎತ್ತರಿಸಿದಾಗ ಅಜ್ಜಿ ಪಾಠ ಒಪ್ಪಿಸಿದಳು: “ಅಂಥವರು ಯಾರೂ ಇಲ್ಲಿ ಇಲ್ಲಪ್ಪಾ.” ಅವನು ಡೈರಿಯಲ್ಲಿ ಏನೋ ಗೀಚಿದ. ತಮ್ಮನ ಮನೆಯ ಫೋಟೊ ತೆಗೆದ. ನನಗೆ ಒಳಗೊಳಗೇ ಗೆದ್ದ ಖುಷಿ.

ಕೊನೆಗೆ ನನ್ನ ಬಾಗಿಲಿಗೆ ಬಂದ. ಹೆಗಲಿನ ಶಾಲೆಯ ಬ್ಯಾಗನ್ನೂ ನಾನು ಇನ್ನೂ ಇಳಿಸಿರಲಿಲ್ಲ.

“ಇಲ್ಲಿ ಡಿಜೆ ಹಚ್ಚೂ ಹುಡುಗ ಒಬ್ಬ ಅದಾನಂತಲ್ರಿ?”

“ಯಾರ್ರೀ ನೀವು?”

“ಹಿಂಗ... ಸ್ವಲ್ಪ ಕೆಲಸಿತ್ತು.”

“ನಮಗ ಗೊತ್ತಿಲ್ರಿ.”

ಅವನು ಹೋಗಲಿಲ್ಲ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೆತ್ತಗೆ, “ಇಲ್ರಿ, ಬಾಜೂ ಮನಿ ಅಂವಂದ ಅಂತ ಕೇಳಿದ್ದೆ. ನಿಮಗ ಏನೂ ಸಂಬಂಧ ಇಲ್ಲೇನ್ರಿ?” ಎಂದ.

“ಬಾಜೂ ಮನ್ಯಾಗ ಯಾರ ಇರತಾರ ಅಂತ ನೋಡಕೋಂತ ಕುಂಡ್ರಾಕ ನಮಗೇನ ಬ್ಯಾರೆ ಉದ್ಯೋಗ ಇಲ್ಲೇನ್ರಿ? ಸಂಬಂಧ ಇಲ್ಲ, ಪಂಬಂಧ ಇಲ್ಲ. ನಡೀರಿ.”

“ಖರೆ ಬಿಡ್ರಿ” ಎಂದು ಅವನು ಡೈರಿ ಮುಚ್ಚಿದ. ಅದರಲ್ಲಿ ಏನೂ ಬರೆಯಲಿಲ್ಲ. ನಾನು ಬಾಗಿಲು ಹಾಕಿಕೊಂಡು ಒಂದು ತಂಬಿಗೆ ನೀರು ಗಟಗಟನೆ ಕುಡಿದೆ. ತಮ್ಮನಿಗೆ ಫೋನು ಮಾಡಿ, ಗಾಡಿಯನ್ನು ಎಂಟು ದಿನ ಜಮಖಂಡಿಯಲ್ಲೇ ಗೆಳೆಯನ ಮನೆಯಲ್ಲಿ ನಿಲ್ಲಿಸೆಂದು ಹೇಳಿದೆ. ಸಂಜೆ ಓಣಿಯವರಿಗೆಲ್ಲ ಚಹಾ ಮಾಡಿ ಕೊಟ್ಟೆ. ಎಲ್ಲರೂ ತಾವು ಹೇಳಿದ್ದನ್ನು ಅಭಿನಯಿಸಿ ತೋರಿಸಿ ನಕ್ಕರು.

ಎಂಟು ದಿನ ಲೋಕಾಪುರದಿಂದ ಸುದ್ದಿ ಇಲ್ಲ. ಹುಡುಗಿಯ ಫೋನು ಬರುವುದು ನಿಂತಿತು. ತಮ್ಮ ಮಾಳಿಗೆಗೆ ಹೋಗಿ ಸುಮ್ಮನೆ ಇಳಿದು ಬರುತ್ತಿದ್ದ. ಒಂಬತ್ತನೆಯ ದಿನ ನಡುವೆ ನಿಂತ ಕಾಕಾ ಫೋನು ಮಾಡಿ, “ಅವರು ಬ್ಯಾಡಂದ್ರವ್ವಾ” ಎಂದರು. ಯಾಕೆ ಎಂದು ಕೇಳಿದೆ. ಕಾಕಾ, “ಹುಡುಗಿ ಸೋದರಮಾವ ವಿಚಾರಣಿಗೆ ಬಂದಿದ್ನಂತ. ಬಸ್ ಕಂಡಕ್ಟರ್ ಅದಾನಲ್ಲ, ಡ್ಯೂಟಿ ಮುಗಿಸಿ ಹಂಗ ಬಂದಿದ್ನಂತ” ಎಂದರು. ಫೋನು ಕೈಯಲ್ಲೇ ಇತ್ತು, ಕಣ್ಣ ಮುಂದೆ ಆ ಖಾಕಿ ಪ್ಯಾಂಟು ಬಂತು. ಪೊಲೀಸರ ಖಾಕಿಯೂ ಕಂಡಕ್ಟರರ ಖಾಕಿಯೂ ಬೇರೆ ಎಂಬುದು ದಿನಾ ಬಸ್ಸು ಹತ್ತಿ ಶಾಲೆಗೆ ಹೋಗುವ ನನಗೆ ಗೊತ್ತಾಗಬೇಡವೇ? ಹೆದರಿದವಳ ಕಣ್ಣಿಗೆ ಎಲ್ಲ ಖಾಕಿಯೂ ಒಂದೇ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಒಂದೇ ಸುಳ್ಳನ್ನು ಓಣಿಗೆಲ್ಲ ಹಂಚಿ ಮದುವೆ ಮುರಿದಿದ್ದೆ.

ಮರುದಿನವೇ ರಜೆ ಹಾಕಿ, ಮಹಾಲಿಂಗಪುರ, ಮುಧೋಳ ದಾಟಿ ಲೋಕಾಪುರಕ್ಕೆ ಹೋದೆ. ತಮ್ಮನಿಗೆ ಹೇಳಲಿಲ್ಲ, ಸರಿಮಾಡಿಕೊಂಡು ಬಂದೇ ಹೇಳಿದರಾಯಿತು ಎಂಬ ಧಿಮಾಕು. ಆ ಕಂಡಕ್ಟರ್ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕರು, ಟಿಕೆಟ್ ಮಶೀನು ಕೊರಳಲ್ಲಿ ಹಾಕಿಕೊಂಡು ಬಸ್ಸಿನ ಪಕ್ಕ ನಿಂತಿದ್ದರು. ನನ್ನನ್ನು ಕಂಡು ಸಿಟ್ಟಾಗಲಿಲ್ಲ. ಎರಡು ಚಹಾ ಹೇಳಿದರು. ನಾನು ಎಲ್ಲವನ್ನೂ ಹೇಳಿದೆ. ಕಾನ್‌ಸ್ಟೇಬಲ್ಲು, ಡ್ರೋನು, ಹೊಸ ಕಾಯ್ದೆಯ ಸುದ್ದಿ, ಓಣಿಗೆ ಕಲಿಸಿದ ಪಾಠ.

“ಅಂವ ಡಿಜೆ ಹಚ್ಚತಾನ ಅನ್ನೂದು ನಮಗ ಮೊದಲ ಗೊತ್ತಿತ್ರಿ ಟೀಚರ್” ಎಂದರು. “ಅದರ ಸಲುವಾಗಿ ಬ್ಯಾಡ ಅಂದಿಲ್ಲ. ಕುಡೀತಾನ ಅಂದಿದ್ರೂ ಒಮ್ಮಿ ವಿಚಾರ ಮಾಡತಿದ್ವಿ, ಬಿಡಸಬಹುದು. ಆದ್ರ ನಾಕ ಮಂದೀನ್ನ ಕೇಳೀನ್ರಿ. ಒಬ್ಬರರ ‘ಹೌದ್ರಿ, ನಮ್ಮ ಹುಡುಗ’ ಅನ್ನಲಿಲ್ಲ.”

“ನಾನ ಅನಬ್ಯಾಡ್ರಿ ಅಂತ ಹೇಳಿದ್ದೆರಿ ಅಣ್ಣಾರ. ತಪ್ಪ ನಂದು.”

“ನಿಮ್ಮ ಗುರುತು ನನಗಿತ್ರಿ. ಹುಡುಗಿ ಅವತ್ತ ತಗದ ನಿಮ್ಮೆಲ್ಲಾರ ಫೋಟೊ ತೋರಿಸಿದ್ಲು. ಅದಕ್ಕ ಎರಡ ಸಲ ಕೇಳಿದೆ.”

ಆ ಎರಡನೆಯ ಪ್ರಶ್ನೆ, ಆ ಮೆತ್ತನೆಯ ದನಿ. ನನ್ನನ್ನು ಸಿಕ್ಕಿಸಲು ಅಲ್ಲ, ನನಗೆ ಇನ್ನೊಂದು ಅವಕಾಶ ಕೊಡಲು ಅವರು ಕೇಳಿದ್ದರು. ನಾನು ಅದನ್ನೇ ಪೊಲೀಸರ ಕುಯುಕ್ತಿ ಎಂದುಕೊಂಡೆ.

“ಈಗರ ನಂಬ್ರಿ” ಎಂದೆ. ಬೇಡಿದೆ ಎಂದರೂ ತಪ್ಪಿಲ್ಲ. “ನನ್ನ ತಮ್ಮ ಬಂಗಾರದಂಥಾವ ಅದಾನ್ರಿ.”

“ಇರಬಹುದ್ರಿ. ನಾ ಇಲ್ಲ ಅನ್ನೂದಿಲ್ಲ.” ಅವರು ನೆಲ ನೋಡಿದರು. “ಆದ್ರ ಪೊಲೀಸರ ಅಂಜಿಕೀಗೆ ಒಡಹುಟ್ಟಿದ ತಮ್ಮನ್ನ ‘ಗೊತ್ತಿಲ್ಲ’ ಅಂದ ಮನಿ ಅದು. ನಾಳೆ ನಮ್ಮ ಹುಡುಗಿಗೆ ಏನರ ಬಂದ್ರ, ಆಕೀನ್ನೂ ಗೊತ್ತಿಲ್ಲ ಅಂದ್ರ ನಾವ ಯಾರನ್ನ ಕೇಳೂಣ್ರಿ?”

ಡ್ರೈವರ್ ಹಾರ್ನ್ ಹೊಡೆದ. ಅವರು ನನ್ನ ಚಹಾದ ದುಡ್ಡನ್ನೂ ತಾವೇ ಕೊಟ್ಟು, ನಮಸ್ಕಾರ ಮಾಡಿ, ಬಸ್ಸು ಹತ್ತಿದರು. ನಾನು ಮುಧೋಳದವರೆಗೆ ಕಿಟಕಿಗೆ ಮುಖ ಹಚ್ಚಿಕೊಂಡು ಅತ್ತೆ. ಪಕ್ಕದಲ್ಲಿ ಕೂತ ಹೆಣ್ಣುಮಗಳು ಯಾಕೆಂದು ಕೇಳಿದಾಗ ಕಣ್ಣಿಗೆ ಧೂಳು ಬಿತ್ತೆಂದು ಹೇಳಿದೆ. ಅಲ್ಲೂ ಸುಳ್ಳು.

ಅವತ್ತು ಊಟಕ್ಕೆ ಕೂತಾಗ ತಮ್ಮನಿಗೆ ಎಲ್ಲ ಹೇಳಿದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. “ನಮ್ಮನಿ ಬಾಗಲದಾಗ ನಿಂತ ನನ್ನ ‘ಗೊತ್ತಿಲ್ಲ’ ಅಂದಿ?” ಎಂದು ಒಂದೇ ಮಾತು ಕೇಳಿದ. ಹೌದೆಂದೆ. ಕೈ ತೊಳೆದುಕೊಂಡು ಎದ್ದ. ಆ ಮೇಲೆ ಅವನು ಎಲ್ಲಿಗೆ ಹೋಗುತ್ತಾನೆ, ಯಾವಾಗ ಬರುತ್ತಾನೆ ಎಂದು ನನಗೆ ಹೇಳುವುದನ್ನು ನಿಲ್ಲಿಸಿದ. ಕೇಳಿದರೆ ಉತ್ತರ ಕೊಡುತ್ತಿದ್ದ, ಹೊರಗಿನವರಿಗೆ ಕೊಡುವಂಥ ಉತ್ತರ. ನಾನು ಮತ್ತೆ ಕಿಟಕಿಯ ಹಿಂದೆ ನಿಲ್ಲಲು ಶುರು ಮಾಡಿದೆ. ಈ ಸಲ ಅವನು ಬರುವುದನ್ನು ನೋಡಲಿಕ್ಕೆ. ಹುಡುಗಿಗೆ ಬೇರೆ ಕಡೆ ನಿಶ್ಚಯವಾಯಿತೆಂದು ಕಾಕಾ ತಿಳಿಸಿದರು. ತಮ್ಮನಿಗೆ ಅದು ನನಗಿಂತ ಮೊದಲೇ ಗೊತ್ತಿತ್ತು.

ಕಾನ್‌ಸ್ಟೇಬಲ್ ಒಂದು ದಿನ ಬರುವುದನ್ನು ನಿಲ್ಲಿಸಿದ. ಅವನು ನಿಜವಾಗಿ ಏನು ನೋಡಲು ಬರುತ್ತಿದ್ದ, ಗಾಡಿಯನ್ನೋ, ಓಣಿಯನ್ನೋ, ಬರೀ ಚಹಾ ಕುಡಿಯಲಿಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೊಸ ಕಾಯ್ದೆಯೂ ಬರುತ್ತದೆ ಬರುತ್ತದೆ ಎನ್ನುತ್ತಲೇ ಇದ್ದಾರೆ. ಅದು ಬರುವ ಮೊದಲೇ ಡಿಜೆ ಇಟ್ಟವರೆಲ್ಲ ಠಾಣೆಗೆ ಬಂದು ಮುಚ್ಚಳಿಕೆ ಬರೆದುಕೊಡಬೇಕೆಂದು ಹೇಳಿಕಳಿಸಿದರು. ಪರವಾನಗಿ ಇಲ್ಲದೆ ಎಲ್ಲೂ ಹಚ್ಚುವುದಿಲ್ಲ ಎಂದು ಬರೆದು, ಫೋಟೊ ಅಂಟಿಸಿ, ಗುರುತು ಬಲ್ಲವರೊಬ್ಬರ ಸಹಿ ಹಾಕಿಸಬೇಕು. ತಮ್ಮ ನನ್ನನ್ನು ಕರೆಯಲಿಲ್ಲ. ಚಹಾದಂಗಡಿಯವನಿಂದ ಸುದ್ದಿ ತಿಳಿದು ನಾನೇ ಹೋದೆ.

ಠಾಣೆಯ ವರಾಂಡದಲ್ಲಿ ತಾಲೂಕಿನ ಡಿಜೆ ಹುಡುಗರೆಲ್ಲ ಸಾಲು ಹಚ್ಚಿದ್ದರು. ಟೇಬಲ್ಲಿನ ಹಿಂದೆ ಕೂತ ಪೊಲೀಸರು ತಮ್ಮನ ಕಾಗದ ತಿರುವಿ, “ಗುರುತಿನವರ ಸಹಿ ಎಲ್ಲೋ? ನಿನ್ನ ಬಲ್ಲವರು ಯಾರೂ ಇಲ್ಲೇನು ಊರಾಗ?” ಎಂದು ಕೇಳುತ್ತಿದ್ದರು. ತಮ್ಮ ತಲೆ ತಗ್ಗಿಸಿ ನಿಂತಿದ್ದ. ನಾನು ಸಾಲು ಸೀಳಿಕೊಂಡು ಮುಂದೆ ಹೋದೆ.

“ನಿಮಗ ಗೊತ್ತೇನ್ರಿ ಇಂವ?”

“ಗೊತ್ತಿಲ್ದ ಏನ್ರೀ! ನನ್ನ ತಮ್ಮ ಇಂವ. ನಾನ ಬೆಳಿಸೀನಿ” ಎಂದೆ. ನನ್ನ ದನಿಗೆ ಇಡೀ ವರಾಂಡ ತಿರುಗಿ ನೋಡಿತು.

ಪೊಲೀಸರು ನಕ್ಕು ಪೆನ್ನು ಕೊಟ್ಟರು. ನಾನು ಸಹಿ ಹಾಕಿದೆ, ಹೆಸರು ಬರೆದೆ, ‘ಸಂಬಂಧ’ ಎಂಬ ಕಡೆ ‘ಅಕ್ಕ’ ಎಂದು ಬರೆದೆ. ಪಕ್ಕದಲ್ಲಿ ನಿಂತ ತಮ್ಮ ಆ ಅಕ್ಷರವನ್ನು ನೋಡುತ್ತಿದ್ದ. ನನಗಷ್ಟೇ ಕೇಳುವಂತೆ, ಸಿಟ್ಟಿಲ್ಲದೆ ಹೇಳಿದ:

“ಇದರ ಅರ್ಧ ದನಿ ಅವತ್ತ ಬಾಗಲದಾಗ ತಗದಿದ್ರ ಸಾಕಿತ್ತಲ್ಲಕ್ಕಾ.”